ಮನೆಯೊಳಗೊಂದು ಟಾಕೀಸು: ಜಾಗ, ಪರದೆ, ಪ್ರೊಜೆಕ್ಟರ್ ಮತ್ತು ಕಾನೂನು

ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಬೇರಿಕೆ ಕಡೆಯ ಹಳ್ಳಿಗಳವರು ಕನ್ನಡ ಸಿನಿಮಾ ದೊಡ್ಡ ಪರದೆಯ ಮೇಲೆ ನೋಡಬೇಕೆಂದರೆ ಅತ್ತಿಬೆಲೆ ದಾಟಿ ಆನೇಕಲ್ಲಿಗೋ ಬೆಂಗಳೂರಿಗೋ ಬಸ್ಸು ಹತ್ತುವುದು ಹಳೆಯ ರೂಢಿ. ಹೋಗಿ ಬರುವ ಖರ್ಚು, ರಾತ್ರಿ ಕೊನೆಯ ಬಸ್ಸಿನ ಚಿಂತೆ, ವಯಸ್ಸಾದವರ ಮಂಡಿನೋವು ಎಲ್ಲ ಸೇರಿ ಆ ರೂಢಿ ಕಡಿಮೆಯಾಗುತ್ತಿದೆ. ಬದಲಿಗೆ ಪ್ರತಿಯೊಬ್ಬರೂ ಒಂದೊಂದು ಮೊಬೈಲು ಹಿಡಿದು ಒಂದೊಂದು ಮೂಲೆಯಲ್ಲಿ ಕೂರುತ್ತಾರೆ. ಅಜ್ಜಿ ನೋಡುವುದು ಮೊಮ್ಮಗನಿಗೆ ಗೊತ್ತಿಲ್ಲ, ಮೊಮ್ಮಗ ನೋಡುವುದು ಅಜ್ಜಿಗೆ ಅರ್ಥವಾಗುವುದಿಲ್ಲ.

ಗಡಿಯ ಮನೆಗಳಲ್ಲಿ ಇದರ ಪರಿಣಾಮ ಸ್ವಲ್ಪ ಹೆಚ್ಚೇ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಒಂದನೇ ತರಗತಿಯಿಂದಲೇ ತಮಿಳು ಕಡ್ಡಾಯವಾಗಿ, ವರ್ಷದಿಂದ ವರ್ಷಕ್ಕೆ ಮೇಲಿನ ತರಗತಿಗಳಿಗೆ ವಿಸ್ತರಿಸಿತು. ಮಕ್ಕಳು ತಮಿಳು ಚೆನ್ನಾಗಿ ಕಲಿಯುವುದು ಒಳ್ಳೆಯದೇ, ಇಲ್ಲಿ ಬದುಕಬೇಕಾದವರಿಗೆ ಅದು ಬೇಕು. ಆದರೆ ತಮಿಳು ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಿಗೆ ಕನ್ನಡ ಕಿವಿಗೆ ಬೀಳುವ ಜಾಗ ಮನೆ ಒಂದೇ. ವಾರಕ್ಕೊಮ್ಮೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಎರಡೂವರೆ ಗಂಟೆ ಕನ್ನಡ ಕೇಳಿದರೆ ಅದು ಪಾಠವಲ್ಲ, ಆದರೆ ಪಾಠದಷ್ಟೇ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದ ಜಾಗವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆಂಬ ವಿವರ ಇಲ್ಲಿದೆ.

ಮೊದಲು ಜಾಗ, ಆಮೇಲೆ ಪ್ರೊಜೆಕ್ಟರ್

ಹೆಚ್ಚಿನವರು ಪ್ರೊಜೆಕ್ಟರ್ ಕೊಂಡು ತಂದ ಮೇಲೆ ಎಲ್ಲಿಡುವುದೆಂದು ಯೋಚಿಸುತ್ತಾರೆ. ಮಾಡಬೇಕಾದ್ದು ಇದರ ತಲೆಕೆಳಗು. ಮೊದಲು ಅಳತೆಯ ಟೇಪು ಹಿಡಿದು ಕೋಣೆ ಅಳೆಯಿರಿ.

ಅಂಗಡಿಯವರು ಹೇಳುವ 80 ಇಂಚು, 100 ಇಂಚು ಎನ್ನುವುದು ಪರದೆಯ ಮೂಲೆಯಿಂದ ಎದುರು ಮೂಲೆಗಿರುವ ಅಳತೆ. ಇಂದಿನ ಅಗಲದ ಚಿತ್ರಕ್ಕೆ (16:9) 80 ಇಂಚಿನ ಪರದೆ ಸುಮಾರು 5 ಅಡಿ 10 ಇಂಚು ಅಗಲ, 3 ಅಡಿ 3 ಇಂಚು ಎತ್ತರ ಇರುತ್ತದೆ. 100 ಇಂಚಿನದ್ದು 7 ಅಡಿ 3 ಇಂಚು ಅಗಲ, 4 ಅಡಿ 1 ಇಂಚು ಎತ್ತರ. ಕೂರುವವರು ಪರದೆಯ ಮೂಲೆ ಅಳತೆಯ 1.2ರಿಂದ 1.6 ಪಟ್ಟು ದೂರದಲ್ಲಿದ್ದರೆ ಕಣ್ಣಿಗೆ ಹಿತ. ಅಂದರೆ 80 ಇಂಚಿಗೆ 8ರಿಂದ ಹತ್ತೂವರೆ ಅಡಿ, 100 ಇಂಚಿಗೆ 10ರಿಂದ 13 ಅಡಿ. ನಮ್ಮ ಕಡೆಯ ಸಾಮಾನ್ಯ 10 ಅಡಿಗೆ 14 ಅಡಿ ಹಾಲ್‌ನಲ್ಲಿ 80 ಇಂಚು ಸಾಕು. 120 ಇಂಚಿನ ಆಸೆ ಬೇಡ, ಮುಂದಿನ ಸಾಲಿನವರು ಟೆನ್ನಿಸ್ ಆಟ ನೋಡುವಂತೆ ಕತ್ತು ತಿರುಗಿಸಬೇಕಾಗುತ್ತದೆ.

ಎತ್ತರದ ಲೆಕ್ಕವೂ ಮುಖ್ಯ. ಹಳ್ಳಿಮನೆಯಲ್ಲಿ ಅರ್ಧ ಜನ ಚಾಪೆಯ ಮೇಲೆ, ಅರ್ಧ ಜನ ಕುರ್ಚಿಯ ಮೇಲೆ. ಪರದೆಯ ಕೆಳ ಅಂಚು ನೆಲದಿಂದ ಎರಡರಿಂದ ಎರಡೂವರೆ ಅಡಿ ಎತ್ತರದಲ್ಲಿರಲಿ. ಅದಕ್ಕಿಂತ ಮೇಲೆ ಹೋದರೆ ಚಾಪೆಯವರಿಗೆ ಕತ್ತುನೋವು, ಕೆಳಗೆ ಬಂದರೆ ಹಿಂದಿನವರಿಗೆ ಮುಂದಿನವರ ತಲೆಯೇ ಸಿನಿಮಾ. ಟೂರಿಂಗ್ ಟಾಕೀಸಿನ ಕಾಲದ ನಿಯಮವೇ ಇಲ್ಲೂ: ನೆಲದವರು ಮುಂದೆ, ಬೆಂಚಿನವರು ಹಿಂದೆ.

ಇನ್ನು ಕತ್ತಲೆ. ಹೆಂಚಿನ ಮನೆಯಲ್ಲಿ ಹಗಲು ಪ್ರದರ್ಶನ ಕಷ್ಟ, ಸಂದಿಗಳಿಂದ ಬೆಳಕು ಇಳಿಯುತ್ತದೆ. ತೊಟ್ಟಿ ಮನೆಯವರು ತೊಟ್ಟಿಗೆ ಬೆನ್ನು ಮಾಡಿ ಕೂರುವಂತೆ ಪರದೆ ಕಟ್ಟಬಾರದು, ಏಕೆಂದರೆ ತೊಟ್ಟಿಯ ಬೆಳಕು ನೇರ ಪರದೆಗೆ ಬಡಿಯುತ್ತದೆ. ಪರದೆಯನ್ನು ಅಡ್ಡಗೋಡೆಗೆ ಕಟ್ಟಿ. ಶೀಟಿನ ಮನೆಯಾದರೆ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಏಳರ ತನಕವೂ ಛಾವಣಿ ಕಾದಿರುತ್ತದೆ, ಪ್ರೊಜೆಕ್ಟರನ್ನು ಛಾವಣಿಗೆ ಹತ್ತಿರ ತೂಗುಹಾಕಬೇಡಿ. ಪ್ರೊಜೆಕ್ಟರಿನ ಮೊದಲ ಶತ್ರು ಬಿಸಿ, ಎರಡನೆಯದು ದೂಳು. ಗ್ರಾನೈಟ್ ಕ್ವಾರಿ ಅಥವಾ ಜಲ್ಲಿ ಕ್ರಷರ್ ಹತ್ತಿರವಿರುವ ಊರಿನವರು ಫಿಲ್ಟರನ್ನು ತಿಂಗಳಿಗೊಮ್ಮೆಯಾದರೂ ಬಿಚ್ಚಿ ಸ್ವಚ್ಛ ಮಾಡಬೇಕು.

ರೇಷ್ಮೆ ಸಾಕುವವರಿಗೊಂದು ಮಾತು. ಹುಳು ಸಾಕುವ ಮನೆ ಉದ್ದವಾಗಿ, ಗಾಳಿ ಆಡುವಂತೆ, ಕಿಟಕಿಗೆ ಜಾಲರಿ ಹಾಕಿ ಕಟ್ಟಿರುತ್ತದೆ. ನೋಡಿದರೆ ಸಿನಿಮಾಕ್ಕೇ ಕಟ್ಟಿದಂತಿದೆ. ಈಗ ಹುಳು ಸಾಕುವುದನ್ನೇ ಬಿಟ್ಟು ಖಾಲಿ ಬಿದ್ದಿರುವ ಕಟ್ಟಡವಾದರೆ ಚೆನ್ನಾಗಿ ತೊಳೆದು ಬಳಸಿ. ಆದರೆ ಇನ್ನೂ ಬೆಳೆ ತೆಗೆಯುತ್ತಿರುವವರು ಎರಡು ಬೆಳೆಗಳ ನಡುವೆ ಖಾಲಿ ಇದೆಯಲ್ಲ ಎಂದು ಊರ ಜನರನ್ನು ಕೂರಿಸುವುದು ಬೇಡ. ಜನರ ಕಾಲಿನ ದೂಳಿನಲ್ಲಿ ಹುಳುವಿನ ರೋಗ ಬರುತ್ತದೆ, ಸೋಂಕು ತೆಗೆಯಲು ಹಾಕಿದ ಬ್ಲೀಚಿಂಗ್ ಪುಡಿ ಜನರ ಕಣ್ಣು ಮೂಗಿಗೆ ಒಳ್ಳೆಯದಲ್ಲ. ಒಂದು ಸಿನಿಮಾಕ್ಕಾಗಿ ಒಂದು ಬೆಳೆ ಕಳೆದುಕೊಂಡರೆ ಆ ಸಿನಿಮಾ ಬಹಳ ದುಬಾರಿ.

ಪರದೆಗೆ ಹಣ ಸುರಿಯಬೇಡಿ

ಸುಣ್ಣ ಬಳಿದ ನುಣುಪಾದ ಗೋಡೆ ಒಳ್ಳೆಯ ಪರದೆ. ಅದಕ್ಕೆ ಹೊಳಪಿಲ್ಲ, ಬಿದ್ದ ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ, ಮೂಲೆಯಲ್ಲಿ ಕೂತವರಿಗೂ ಒಂದೇ ರೀತಿ ಕಾಣುತ್ತದೆ. ಸುಣ್ಣಕ್ಕೆ ನೀಲಿ ಬೆರೆಸುವ ಅಭ್ಯಾಸವಿದೆಯಲ್ಲ, ಪರದೆಯ ಜಾಗಕ್ಕೆ ಮಾತ್ರ ಅದು ಬೇಡ. ಮುಖದ ಬಣ್ಣವೆಲ್ಲ ತಣ್ಣಗೆ ಕಾಣುತ್ತದೆ. ಪೇಂಟ್ ಹೊಡೆಸುವುದಾದರೆ ಮ್ಯಾಟ್ ಬಿಳಿ ಕೇಳಿ, ಹೊಳೆಯುವ ಎನಾಮಲ್ ಬೇಡವೇ ಬೇಡ. ಮೊದಲು ಪುಟ್ಟಿ ಹಾಕಿ ಮರಳು ಕಾಗದದಲ್ಲಿ ಉಜ್ಜಿಸಿ. ಗೋಡೆಯ ಉಬ್ಬುತಗ್ಗು ಹಗಲಲ್ಲಿ ಕಾಣದಿದ್ದರೂ ನಾಯಕಿಯ ಕೆನ್ನೆಯ ಮೇಲೆ ಕಾಣುತ್ತದೆ.

ಗೋಡೆ ಇಲ್ಲದವರಿಗೆ ಬಟ್ಟೆ. ಬಿಳಿ ಪಂಚೆ, ಬೆಡ್‌ಶೀಟ್ ಆದೀತು, ಆದರೆ ತೆಳುವಾದ ಬಟ್ಟೆಯಲ್ಲಿ ಒಂದಷ್ಟು ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ. ಹಿಂದೆ ಕಪ್ಪು ಬಟ್ಟೆ ಸೇರಿಸಿ ಹೊಲಿಸಿದರೆ ಹಿಂದಿನ ಗೋಡೆಯ ಪ್ರತಿಫಲನ ತಪ್ಪಿ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. ಮೇಲೂ ಕೆಳಗೂ ಬಿದಿರು ಗಳ ಅಥವಾ ಪಿವಿಸಿ ಪೈಪು ಸೇರಿಸಿ ಎಳೆದು ಕಟ್ಟಿ, ಸುಕ್ಕು ನಿಲ್ಲಬಾರದು. ಸುತ್ತ ಮೂರಿಂಚು ಅಗಲದ ಕಪ್ಪು ಪಟ್ಟಿ ಹೊಲಿಸಿ. ಖರ್ಚು ಅಲ್ಪ, ಆದರೆ ಚಿತ್ರ ಎದ್ದು ಕಾಣುವುದು ಇದರಿಂದಲೇ.

ಪರದೆಯ ಆಕಾರದ ಬಗ್ಗೆ ಒಂದು ಪ್ರಶ್ನೆ ಬರುತ್ತದೆ. ಹಳೆಯ ಕಪ್ಪುಬಿಳುಪು ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರ, ಎಡಬಲ ಕಪ್ಪು ಉಳಿಯುತ್ತದೆ. 1977ರಲ್ಲಿ ‘ಸೊಸೆ ತಂದ ಸೌಭಾಗ್ಯ’ದಿಂದ ಕನ್ನಡಕ್ಕೆ ಸಿನಿಮಾಸ್ಕೋಪ್ ಬಂತು. ಆ ಬಗೆಯ ಚಿತ್ರಕ್ಕೆ ಮೇಲೆ ಕೆಳಗೆ ಕಪ್ಪು. ಎರಡನ್ನೂ ಹಾಗೆಯೇ ಬಿಡಿ. ಪರದೆ ತುಂಬಬೇಕೆಂದು ಹಿಗ್ಗಿಸಿದರೆ ರಾಜಕುಮಾರ್ ಕೂಡ ಗಿಡ್ಡವಾಗಿ ದಪ್ಪವಾಗಿ ಕಾಣುತ್ತಾರೆ.

ಪ್ರೊಜೆಕ್ಟರ್: ಡಬ್ಬಿಯ ಮೇಲಿನ ಅಂಕಿ ನಂಬಬೇಡಿ

ಇಲ್ಲೇ ಹೆಚ್ಚು ಜನ ಮೋಸ ಹೋಗುವುದು. ಹತ್ತು ಸಾವಿರ ರೂಪಾಯಿಯೊಳಗಿನ ಡಬ್ಬಿಯ ಮೇಲೆ 9000 ಲ್ಯುಮೆನ್ಸ್, 12000 ಲ್ಯುಮೆನ್ಸ್ ಎಂದು ಅಚ್ಚಾಗಿರುತ್ತದೆ. ಅಂಥವುಗಳಲ್ಲಿ ಎಷ್ಟೋ ಯಂತ್ರಗಳ ನಿಜವಾದ ಬೆಳಕು ಕೆಲವು ನೂರು ಲ್ಯುಮೆನ್ಸ್ ಮಾತ್ರ. ನೀವು ಕೇಳಬೇಕಾದ್ದು ‘ಆನ್ಸಿ ಲ್ಯುಮೆನ್ಸ್ ಎಷ್ಟು’ ಎಂದು. ಐಎಸ್‌ಒ 21118 ಅಳತೆ ಕೊಟ್ಟಿದ್ದರೂ ಸರಿ. ಎರಡೂ ಇಲ್ಲವೆಂದರೆ ಆ ಅಂಕಿ ಬರೀ ಅಲಂಕಾರ.

ಎಷ್ಟು ಬೇಕೆಂಬುದನ್ನು ನೀವೇ ಲೆಕ್ಕ ಹಾಕಬಹುದು. ಚಿತ್ರಮಂದಿರದಲ್ಲಿ ಪರದೆಯ ಒಂದು ಚದರ ಅಡಿಗೆ ಸುಮಾರು 14ರಿಂದ 16 ಲ್ಯುಮೆನ್ಸ್ ಬೆಳಕು ಬೀಳುವಂತೆ ನೋಡಿಕೊಳ್ಳುತ್ತಾರೆ. 80 ಇಂಚಿನ ಪರದೆ 19 ಚದರ ಅಡಿ, ಹದಿನಾರರಿಂದ ಗುಣಿಸಿದರೆ ಸುಮಾರು 300 ಲ್ಯುಮೆನ್ಸ್. 100 ಇಂಚಿನದ್ದು 30 ಚದರ ಅಡಿ, 480 ಲ್ಯುಮೆನ್ಸ್. ಇದು ಪೂರ್ತಿ ಕತ್ತಲೆಯ ಲೆಕ್ಕ, ಅದೂ ಯಂತ್ರ ಹೊಸದಿದ್ದಾಗ. ಬಳಸುತ್ತ ಹೋದಂತೆ ಬೆಳಕು ಕುಗ್ಗುತ್ತದೆ, ಆದ್ದರಿಂದ ಇದರ ಎರಡರಷ್ಟು ಇಟ್ಟುಕೊಳ್ಳಿ. ರಾತ್ರಿ ಮಾತ್ರ ನೋಡುವ ಮನೆಗೆ 600ರಿಂದ 1000 ಆನ್ಸಿ ಲ್ಯುಮೆನ್ಸ್ ಧಾರಾಳ. ದೀಪ ಉರಿಯುವಾಗ, ಹಗಲಲ್ಲಿ ನೋಡಬೇಕೆಂದರೆ 2500–3000 ಬೇಕು, ಬೆಲೆಯೂ ಹಾಗೇ ಏರುತ್ತದೆ. ಕತ್ತಲೆ ಪುಕ್ಕಟೆ, ಲ್ಯುಮೆನ್ಸ್‌ಗೆ ದುಡ್ಡು. ಕಿಟಕಿಗೆ ಕಂಬಳಿ ಕಟ್ಟುವುದೇ ಲಾಭ.

ಎರಡನೆಯ ಮೋಸ ‘4ಕೆ ಸಪೋರ್ಟ್’. ಅದರರ್ಥ 4ಕೆ ಚಿತ್ರವನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ, 4ಕೆ ತೋರಿಸುತ್ತದೆ ಎಂದಲ್ಲ. ‘ನೇಟಿವ್ ರೆಸಲ್ಯೂಶನ್’ ಎಷ್ಟು ಎಂದು ಕೇಳಿ. 1920 x 1080 ಇದ್ದರೆ ಸಾಕು.

ಮೂರನೆಯದು ದೂರದ ಲೆಕ್ಕ, ಇದನ್ನು ಥ್ರೋ ರೇಶಿಯೋ ಎನ್ನುತ್ತಾರೆ. ಅದು 1.5 ಇದ್ದರೆ ಪರದೆಯ ಅಗಲದ ಒಂದೂವರೆ ಪಟ್ಟು ದೂರದಲ್ಲಿ ಯಂತ್ರ ಇಡಬೇಕು. 80 ಇಂಚಿಗೆ ಎಂಟೂಮುಕ್ಕಾಲು ಅಡಿ, 100 ಇಂಚಿಗೆ ಹನ್ನೊಂದು ಅಡಿ. ನಿಮ್ಮ ಕೋಣೆಗೆ ಹೊಂದುತ್ತದೆಯೇ ನೋಡಿಯೇ ಕೊಳ್ಳಿ. ಓರೆಯಾಗಿ ಇಟ್ಟು ‘ಕೀಸ್ಟೋನ್’ ಗುಂಡಿ ಒತ್ತಿ ಸರಿಮಾಡಿದರೆ ಚಿತ್ರ ನೇರವಾಗುತ್ತದೆ, ಆದರೆ ಸ್ಪಷ್ಟತೆ ಸ್ವಲ್ಪ ಹೋಗುತ್ತದೆ. ಪರದೆಗೆ ನೇರವಾಗಿ ಇಡುವುದೇ ಸರಿ.

ಲ್ಯಾಂಪೋ ಎಲ್‌ಇಡಿಯೋ? ಹಳೆಯ ಲ್ಯಾಂಪ್ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಸಿಗುತ್ತವೆ, ಬೆಳಕು ಚೆನ್ನಾಗಿರುತ್ತದೆ. ಆದರೆ ಲ್ಯಾಂಪಿನ ಆಯುಷ್ಯ ಸಾಮಾನ್ಯವಾಗಿ 3000–5000 ಗಂಟೆ, ಬದಲಿ ಲ್ಯಾಂಪಿಗೆ ಬೆಲೆ ಜಾಸ್ತಿ. ಮೆನುವಿನಲ್ಲಿ ‘ಲ್ಯಾಂಪ್ ಅವರ್ಸ್’ ತೋರಿಸಿ ಎಂದು ಕೇಳದೆ ಕೊಳ್ಳಬೇಡಿ. ಲ್ಯಾಂಪಿನೊಳಗೆ ಪಾದರಸವಿದೆ, ಒಡೆದರೆ ಮಕ್ಕಳನ್ನು ದೂರ ಕಳಿಸಿ ಕಿಟಕಿ ತೆರೆಯಿರಿ. ಎಲ್‌ಇಡಿ ಯಂತ್ರಗಳಿಗೆ 20,000 ಗಂಟೆ ಎನ್ನುತ್ತಾರೆ, ವಾರಕ್ಕೊಂದು ಸಿನಿಮಾ ನೋಡುವವರಿಗೆ ಅದು ಜೀವಮಾನಕ್ಕೆ ಸಾಕು. ಹೊಸದು ಕೊಳ್ಳುವವರಿಗೆ ಒಂದು ಸಮಾಧಾನ: 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರ್ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು. ಬಿಲ್ಲು ಕೇಳಿ ಪಡೆಯಿರಿ, ಗ್ಯಾರಂಟಿಗೆ ಬೇಕಾಗುತ್ತದೆ.

ಮೊಬೈಲಿನಿಂದ ಪರದೆಗೆ ಕಳಿಸಿದಾಗ ಕೆಲವು ಆಪ್‌ಗಳು ಧ್ವನಿ ಮಾತ್ರ ಕೊಟ್ಟು ಚಿತ್ರ ಕಪ್ಪಾಗಿಸುತ್ತವೆ. ಯಂತ್ರ ಕೆಟ್ಟಿಲ್ಲ, ನಕಲು ತಡೆಯುವ ಬೀಗ ಅದು. ಟಿ.ವಿ.ಗೆ ಸಿಕ್ಕಿಸುವ ಸ್ಟಿಕ್ ಒಂದನ್ನು ಎಚ್‌ಡಿಎಂಐ ತೂತಿಗೆ ಹಾಕಿದರೆ ಸರಿಹೋಗುತ್ತದೆ.

ಮಾತು ಕೇಳಿಸಬೇಕು

ಕನ್ನಡ ಕೇಳಿಸಲಿ ಎಂದು ಇಷ್ಟೆಲ್ಲ ಮಾಡಿ ಮಾತೇ ಅರ್ಥವಾಗದಿದ್ದರೆ ಏನು ಪ್ರಯೋಜನ? ಸಿಮೆಂಟು ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಶಬ್ದ ಗೋಡೆಯಿಂದ ಗೋಡೆಗೆ ಬಡಿದು ಗೊಂಯ್‌ಗುಡುತ್ತದೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಹತ್ತೇ ನಿಮಿಷದಲ್ಲಿ ಅಜ್ಜ ‘ಏನಂದ?’ ಎಂದು ಕೇಳಲು ಶುರುಮಾಡುತ್ತಾರೆ. ಇದಕ್ಕೆ ಮದ್ದು ಮನೆಯಲ್ಲೇ ಇದೆ. ನೆಲಕ್ಕೆ ಜಮಖಾನ, ಹಿಂದಿನ ಗೋಡೆಗೆ ಕೌದಿ ಅಥವಾ ದಪ್ಪ ಕಂಬಳಿ, ಮೂಲೆಗಳಲ್ಲಿ ಸುತ್ತಿಟ್ಟ ಹಾಸಿಗೆ. ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆ ಎನ್ನುವುದು ಬರೀ ನಂಬಿಕೆ. ಅದು ಪಕ್ಕದ ಮನೆಗೆ ಹೋಗುವ ಶಬ್ದ ತಡೆಯುವುದಿಲ್ಲ, ಬೆಂಕಿ ಹಿಡಿಯಲು ಮಾತ್ರ ಮುಂದು.

ಪ್ರೊಜೆಕ್ಟರಿನೊಳಗಿನ ಸ್ಪೀಕರ್ ಕೂತವರ ಬೆನ್ನ ಹಿಂದೆ ಮಾತಾಡುತ್ತದೆ. ಮಾತು ಪರದೆಯ ಕಡೆಯಿಂದ ಬರಬೇಕು. ಎರಡು ಸ್ಪೀಕರ್ ಪರದೆಯ ಎಡಬಲ, ಕೂತವರ ಕಿವಿಯ ಎತ್ತರಕ್ಕೆ ಇಡಿ. ಬ್ಲೂಟೂತ್‌ಗಿಂತ ವೈರು ವಾಸಿ. ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬಂದು ತುಟಿಯೊಂದು, ಮಾತೊಂದು ಆಗುವುದುಂಟು.

ಸೊಸೆ ತಮಿಳು ಮನೆಯಿಂದ, ಇಲ್ಲವೇ ತೆಲುಗು ಮನೆಯಿಂದ ಬಂದಿದ್ದರೆ ಉಪಶೀರ್ಷಿಕೆ ಹಾಕಿ. ಕನ್ನಡ ಅಕ್ಷರದಲ್ಲೇ ಉಪಶೀರ್ಷಿಕೆ ಸಿಗುವ ಚಿತ್ರ ಸಿಕ್ಕರೆ ಬಿಡಬೇಡಿ. ಕನ್ನಡ ಆಡಬಲ್ಲ, ಓದಲಾರದ ಮಕ್ಕಳು ಕೇಳುತ್ತ ಅಕ್ಷರ ಹಿಡಿಯುತ್ತಾರೆ.

ಕರೆಂಟು, ಮಳೆ, ಆನೆ

ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ತಿಂಗ್ ಇಲ್ಲದೆ ಪ್ರೊಜೆಕ್ಟರ್ ಹಾಕಬೇಡಿ. ವೈರು ಜನ ನಡೆಯುವ ದಾರಿಗೆ ಅಡ್ಡ ಬರದಂತೆ ಗೋಡೆಯಂಚಿನಲ್ಲಿ ಎಳೆಯಿರಿ, ಕತ್ತಲಲ್ಲಿ ಎಡವುವವರು ಸಾಮಾನ್ಯವಾಗಿ ಕಾಫಿ ತರುವವರೇ. ಲ್ಯಾಂಪ್ ಯಂತ್ರ ಆಫ್ ಮಾಡಿದ ಮೇಲೂ ಒಳಗಿನ ಫ್ಯಾನು ಒಂದೆರಡು ನಿಮಿಷ ತಿರುಗಿ ಲ್ಯಾಂಪನ್ನು ತಣಿಸಬೇಕು. ನಡುವೆ ಕರೆಂಟು ಹೋದರೆ ಅದಕ್ಕೆ ಅವಕಾಶವಿಲ್ಲ, ಲ್ಯಾಂಪ್ ಬೇಗ ಸಾಯುತ್ತದೆ. ಆದ್ದರಿಂದ ಕಂಪ್ಯೂಟರಿಗೆ ಬಳಸುವ ಸಣ್ಣ ಯುಪಿಎಸ್ ಒಂದು ಇರಲಿ. ಸುಮಾರು 300 ವಾಟಿನ ಲ್ಯಾಂಪ್ ಯಂತ್ರ ಮೂರು ಗಂಟೆ ಓಡಿದರೆ ಒಂದು ಯೂನಿಟ್ಟಿಗಿಂತ ಕಡಿಮೆ. ವಾರಕ್ಕೊಂದು ಚಿತ್ರವಾದರೆ ಎರಡು ತಿಂಗಳ ಬಿಲ್ಲಿನಲ್ಲಿ ಏಳೆಂಟು ಯೂನಿಟ್. ಬಿಲ್ಲಿನ ಹೆದರಿಕೆ ಬೇಡ.

ಮುಂಗಾರು ಪೂರ್ವದ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ, ಕೇಬಲ್ ಟಿ.ವಿ. ವೈರು ಸೇರಿಸಿದ್ದರೆ ಅದನ್ನೂ. ಮಳೆಗಾಲದಲ್ಲಿ ಬೆಳಕಿಗೆ ಮುತ್ತುವ ಹುಳುಗಳಿಗೆ ಕಿಟಕಿಯ ಜಾಲರಿಯೇ ಗತಿ. ಮಕ್ಕಳು ಲೆನ್ಸಿನೊಳಗೆ ಇಣುಕದಂತೆ ನೋಡಿಕೊಳ್ಳಿ. ಆ ಬೆಳಕನ್ನು ನೇರ ದಿಟ್ಟಿಸುವುದು ಕಣ್ಣಿಗೆ ಅಪಾಯ.

ಅಂಗಳದಲ್ಲಿ ಪರದೆ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಯವರು ರಾಗಿ ಕೊಯ್ಲಿನ ತಿಂಗಳುಗಳಲ್ಲಿ ಈ ಆಸೆ ಬಿಡಬೇಕು. ಬನ್ನೇರುಘಟ್ಟದ ಕಡೆಯಿಂದ ಇಳಿಯುವ ಆನೆಗಳು ರಾತ್ರಿಯೇ ಹೊಲಕ್ಕೆ ಬರುತ್ತವೆ. ಸಿನಿಮಾದ ಸದ್ದಿನಲ್ಲಿ ಕಾವಲಿನವರ ಕೂಗು ಕೇಳುವುದಿಲ್ಲ, ಮುಗಿಸಿ ಹತ್ತು ಗಂಟೆಗೆ ಕತ್ತಲಲ್ಲಿ ಮನೆಗೆ ನಡೆಯುವವರ ಪಾಡು ಬೇರೆ. ಆ ತಿಂಗಳುಗಳಲ್ಲಿ ಮನೆಯೊಳಗೆ, ಎಂಟೂವರೆಗೆ ಮುಗಿಯುವಂತೆ ಇಟ್ಟುಕೊಳ್ಳಿ.

ಮನೆಗೆಷ್ಟು, ಊರಿಗೆಷ್ಟು

ದುಡ್ಡು ಕೊಟ್ಟು ಪಡೆದ ಚಿತ್ರವನ್ನು ಮನೆಮಂದಿ ಕೂತು ನೋಡಲು ಯಾರ ಅಪ್ಪಣೆಯೂ ಬೇಡ. ಬೀದಿಯವರನ್ನೆಲ್ಲ ಕರೆದಾಗ ಲೆಕ್ಕ ಬದಲಾಗುತ್ತದೆ. ತಮಿಳುನಾಡು ಸಿನಿಮಾಗಳ (ನಿಯಂತ್ರಣ) ಕಾಯ್ದೆ 1955ರ ಪ್ರಕಾರ ಸಾರ್ವಜನಿಕ ಪ್ರದರ್ಶನ ಪರವಾನಗಿ ಇರುವ ಜಾಗದಲ್ಲೇ ಆಗಬೇಕು. ಟಿಕೆಟ್ ಬೇಡ, ತಟ್ಟೆ ಕಾಸು ಸಾಕು ಎಂದರೂ ಅದು ಸಾರ್ವಜನಿಕವೇ. ಒಟಿಟಿ ಚಂದಾ ಮನೆಬಳಕೆಗೆ ಮಾತ್ರ. ಕದ್ದ ಪ್ರತಿಯ ವಿಷಯದಲ್ಲಿ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಬಿಗಿಯಾಗಿದೆ: ಮೂರು ತಿಂಗಳಿಂದ ಮೂರು ವರ್ಷದ ತನಕ ಜೈಲು, ಕನಿಷ್ಠ ಮೂರು ಲಕ್ಷ ದಂಡ. ಅದೇ ತಿದ್ದುಪಡಿಯಿಂದ ಯುಎ ಸರ್ಟಿಫಿಕೇಟು 7, 13, 16 ವಯಸ್ಸಿನ ಮೂರು ಬಗೆಯಾಗಿದೆ. ಮಕ್ಕಳಿರುವ ಮನೆಯವರು ಚಿತ್ರ ಹಾಕುವ ಮೊದಲು ಅದನ್ನು ನೋಡಿ. ಬಯಲಲ್ಲಿ ಧ್ವನಿವರ್ಧಕಕ್ಕೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ನಿಷೇಧವಿರುವುದು ಎಲ್ಲರಿಗೂ ಗೊತ್ತು, ಪಾಲಿಸುವವರು ಕಡಿಮೆ.

ಶಾಲೆಗಳಿಗೆ ಒಂದು ಒಳ್ಳೆಯ ದಾರಿ ಇದೆ, ಬಳಸುವವರಿಲ್ಲ. ಶಾಲೆಯ ಚಟುವಟಿಕೆಯ ಅಂಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆ ತಾಯಿ, ಪೋಷಕರಿಗೆ ಮಾತ್ರ ಚಿತ್ರ ತೋರಿಸಿದರೆ ಹಕ್ಕುಸ್ವಾಮ್ಯ ಕಾಯ್ದೆ ಅದನ್ನು ಉಲ್ಲಂಘನೆ ಎನ್ನುವುದಿಲ್ಲ. ನಮ್ಮ ಗಡಿಯ ಕನ್ನಡ ಶಾಲೆಗಳ ಮುಖ್ಯೋಪಾಧ್ಯಾಯರು ಇದನ್ನು ಗಮನಿಸಬೇಕು. ಹಳೆಯ ಚಿತ್ರಗಳಿಗೆ ಇನ್ನೊಂದು ಅನುಕೂಲ. ಭಾರತದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ರಾಜಕುಮಾರ್ ಮೊದಲು ನಾಯಕರಾದ ‘ಬೇಡರ ಕಣ್ಣಪ್ಪ’ (1954) ಅವಧಿ 2014ರ ಕೊನೆಗೆ ಮುಗಿಯಿತು, ‘ರಣಧೀರ ಕಂಠೀರವ’ (1960) 2020ರ ಕೊನೆಗೆ, ಎನ್. ಲಕ್ಷ್ಮೀನಾರಾಯಣರ ‘ನಾಂದಿ’ (1964) 2024ರ ಕೊನೆಗೆ. ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಬೇರೆಯಾಗಿ ಉಳಿದಿರಬಹುದು. ಊರಿನ ಪ್ರದರ್ಶನಕ್ಕೆ ಮೇಲೆ ಹೇಳಿದ ಪರವಾನಗಿಯಂತೂ ಬೇಕೇ ಬೇಕು. ಅಂದಹಾಗೆ, ಗಡಿಯಾಚೆಯ ನಟ ಎಂದು ನಮ್ಮ ಮಕ್ಕಳು ತಿಳಿದಿರುವ ರಾಜಕುಮಾರ್ ಹುಟ್ಟೂರು ಗಾಜನೂರು ಇರುವುದು ಈಗಿನ ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿ, ಅಂದರೆ ತಮಿಳುನಾಡಿನಲ್ಲೇ.

ಹಳ್ಳಿಯವರಿಗೆ ಬರೀ ಹೊಡೆದಾಟದ ಚಿತ್ರ ಸಾಕು ಎನ್ನುವವರು ಶಿವಮೊಗ್ಗ ಜಿಲ್ಲೆಯ ಹೆಗ್ಗೋಡನ್ನು ನೋಡಬೇಕು. ಅಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಊರಿನವರಿಗೆ ಜಗತ್ತಿನ ಹೆಸರಾಂತ ಚಿತ್ರಗಳನ್ನು ತೋರಿಸಿತು. ಭಾಷೆ ತಿಳಿಯದಿದ್ದರೂ ಜನ ಕೂತು ನೋಡಿದರು, ಮುಗಿದ ಮೇಲೆ ಚರ್ಚೆ ಮಾಡಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅವರಿಗಿದ್ದದ್ದು ರೀಲಿನ ಯಂತ್ರ. ಇಂದು ನಮ್ಮ ಕೈಯಲ್ಲಿರುವುದು ಅದಕ್ಕಿಂತ ಎಷ್ಟೋ ಹಗುರ.

ಅಟ್ಟದ ಮೇಲೆ ರೀಲು ಇದ್ದರೆ

ಟೂರಿಂಗ್ ಟಾಕೀಸು ನಡೆಸಿದ, ಅಲ್ಲಿ ಆಪರೇಟರ್ ಆಗಿದ್ದ ಮನೆತನಗಳಲ್ಲಿ ಹಳೆಯ ಡಬ್ಬಿಗಳು ಉಳಿದಿರುವುದುಂಟು. ತೆರೆದಾಗ ವಿನಿಗರ್‌ನಂಥ ಹುಳಿ ವಾಸನೆ ಬಂದರೆ ಫಿಲಂ ಕೊಳೆಯತೊಡಗಿದೆ ಎಂದರ್ಥ. ಅದನ್ನು ಉಳಿದ ಡಬ್ಬಿಗಳಿಂದ ಬೇರೆ ಇಡಿ. 1950ರ ದಶಕದ ಆರಂಭಕ್ಕಿಂತ ಹಿಂದಿನ 35 ಎಂ.ಎಂ. ರೀಲು ನೈಟ್ರೇಟ್ ಇರಬಹುದು. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೂ ಆರುವುದಿಲ್ಲ. ಯಂತ್ರಕ್ಕೆ ಹಾಕಿ ಓಡಿಸಿ ನೋಡುವ ಸಾಹಸ ಖಂಡಿತ ಬೇಡ, ಬಿಸಿಲು ಬೀಳುವ ಅಟ್ಟದಲ್ಲೂ ಇಡಬೇಡಿ.

ಎಸೆಯುವುದಂತೂ ಬೇಡವೇ ಬೇಡ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು, ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಅಂಥ ರೀಲುಗಳು ಕಳೆದುಹೋಗುವುದು ಯಾರದೋ ಅಟ್ಟದಿಂದ ಗುಜರಿ ಅಂಗಡಿಗೆ ಹೋಗುವ ದಾರಿಯಲ್ಲೇ. ಡಬ್ಬಿಯ ಮೇಲಿನ ಬರಹದ ಫೋಟೋ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ. 1964ರಲ್ಲಿ ಶುರುವಾದ ಅದು 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ ಸೇರಿದೆ. ಅಲ್ಲಿಂದ ಉತ್ತರ ಬರುವ ತನಕ ಡಬ್ಬಿಗಳನ್ನು ನಿಲ್ಲಿಸದೆ ಮಲಗಿಸಿ, ಮನೆಯಲ್ಲಿ ಎಲ್ಲಕ್ಕಿಂತ ತಂಪಾಗಿ ಒಣಗಿರುವ, ಒಲೆಯಿಂದ ದೂರದ ಮೂಲೆಯಲ್ಲಿ ಇಡಿ.